ಕೂಗಿದರೆ ಕೇಳುವಷ್ಟು ದೂರ

ಆಕೆ ಬಾಡಿಗೆ ಮನೆ ತೋರಿಸುವ ಬ್ರೋಕರ್. ಸ್ವಂತಕ್ಕೊಂದು ಹೆಸರು ಇತ್ತು, ಇಲ್ಲವೆಂದಲ್ಲ. ಆದರೆ ಅದನ್ನು ಹಿಡಿದು ಕರೆಯುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮಾರ್ಕೆಟ್ಟಿನಿಂದ ರೈಲ್ವೆ ಗೇಟಿನವರೆಗೆ ಎಲ್ಲರ ಬಾಯಲ್ಲೂ ಆಕೆ ಕೂಗಳತೆ ಅಕ್ಕ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನಾದ ಮೂಲೆಯಂಗಡಿಯ ದರ್ಜಿ ಕೂಡ ಅಕ್ಕ ಎಂದೇ ಕರೆಯುತ್ತಿದ್ದ.

ಹೆಸರು ಬಂದದ್ದು ಬಾಯಿಂದಲೇ. ಪೇಪರಿನ ಜಾಹೀರಾತಿನಲ್ಲಿ ಒಮ್ಮೆ 'ಬಸ್ ನಿಲ್ದಾಣಕ್ಕೆ ಕೂಗಳತೆ ದೂರ' ಎಂದು ಓದಿದ್ದಳು. ಓದಿದ್ದೇ ತಡ, ಮಾತು ನಾಲಿಗೆಗೆ ಅಂಟಿಕೊಂಡಿತು. ಎಷ್ಟು ಚಂದದ ಅಳತೆ ನೋಡಿ. ಗಜದ ಹಂಗಿಲ್ಲ, ಮೀಟರಿನ ಹಂಗಿಲ್ಲ. ಇಲ್ಲಿ ನಿಂತು ಕೂಗಿದರೆ ಅಲ್ಲಿರುವವರಿಗೆ ಕೇಳಿಸಬೇಕು, ಅವರು 'ಓ' ಅನ್ನಬೇಕು, ಅಷ್ಟೇ. ಕೂಗುವವರು ಯಾರು, ಅವರ ಗಂಟಲು ಎಂಥದ್ದು, ಕೇಳುವವರ ಕಿವಿ ಹೇಗಿದೆ ಎಂದು ಯಾರೂ ಬರೆದಿಡಲಿಲ್ಲ. ಹೀಗಾಗಿ ಅಕ್ಕನ ಪಾಲಿಗೆ ಬಸ್ ಸ್ಟಾಪು ಕೂಗಳತೆ, ಆಸ್ಪತ್ರೆ ಕೂಗಳತೆ, ಸ್ಕೂಲು ಕೂಗಳತೆ, ಕೊನೆಗೆ ಊರಾಚೆಯ ಕಾರ್ಖಾನೆಯೂ ಕೂಗಳತೆಯೇ.

"ನಿಮ್ಮ ಕೂಗಳತೆ ಅಂದ್ರೆ ಮೈಕ್ ಕಟ್ಟಿ ಕೂಗ್ಬೇಕು ಅಕ್ಕಾ" ಎಂದು ದರ್ಜಿ ರೇಗಿಸುತ್ತಿದ್ದ.

"ಮೈಕ್ ನೀವೇ ಹೊಲಿದುಕೊಡಿ, ಕಟ್ಕೋತೀನಿ" ಎಂದು ಅವಳು ಮುಂದೆ ಹೋಗುತ್ತಿದ್ದಳು. ಮಾತಿಗೆ ಮಾತು ಜೋಡಿಸುವುದರಲ್ಲಿ ಅವಳನ್ನು ಸೋಲಿಸುವವರು ಹುಟ್ಟಿರಲಿಲ್ಲ ಬಿಡಿ.

ಮನೆ ತೋರಿಸುವುದು ಸುಮ್ಮನೆ ಬೀಗ ತೆಗೆಯುವ ಕೆಲಸ ಅಂದುಕೊಂಡವರು ದಡ್ಡರು. ಕತ್ತಲೆ ಮನೆಯನ್ನು ಬಿಸಿಲು ಒಳಗೆ ಬೀಳುವ ಹೊತ್ತು ನೋಡಿ ತೋರಿಸಬೇಕು. ಸ್ಕೂಲಿನ ಪಕ್ಕದ ಮನೆಯನ್ನು ರಜದ ದಿನ ತೋರಿಸಬೇಕು. ದಾರಿ ಉದ್ದವಿದ್ದರೆ ಮಾತು ನಿಲ್ಲಿಸಬಾರದು. ಏರು ಬಂದಾಗ ಗಿರಾಕಿಯ ಮಕ್ಕಳ ವಿಷಯ ಎತ್ತಬೇಕು. ಮಕ್ಕಳ ಬಗ್ಗೆ ಮಾತಾಡುವವರಿಗೆ ಏರು ಗೊತ್ತಾಗುವುದೇ ಇಲ್ಲ. ಬಾಯಿ ಮುಚ್ಚಿಕೊಂಡು ನಡೆಸಿದರೆ ಮುಗಿಯಿತು, ಹತ್ತಿರದ ಮನೆಯೂ ದೂರವಾಗಿಬಿಡುತ್ತದೆ. ಈ ಸೂಕ್ಷ್ಮವೆಲ್ಲ ಅವಳು ನಡೆದು ನಡೆದೇ ಕಲಿತದ್ದು.

ಇಷ್ಟೆಲ್ಲ ಮಾತಿನ ಮಲ್ಲಿಯಾದವಳಿಗೆ ಸಂಜೆಯಾದರೆ ಮಾತಾಡಲು ಒಂದು ಪ್ರಾಣಿ ಇರಲಿಲ್ಲ. ಮಾರ್ಕೆಟ್ಟಿನ ಹಿಂದೆ ಒಂದು ವಠಾರದ ಕೊನೆಯ ರೂಮು ಅವಳದು. ಒಂದು ಮಂಚ, ಒಂದು ಸ್ಟವ್, ಒಂದು ರೇಡಿಯೋ, ಗೋಡೆಯ ಮೊಳೆಗಳಲ್ಲಿ ಬೇರೆಯವರ ಮನೆಯ ಬೀಗದ ಕೈಗಳು. ಗಾಳಿಯಾಡಲಿ ಎಂದು ಖಾಲಿ ಮನೆಗಳ ಕಿಟಕಿ ತೆರೆಯಲು ಹೋದಾಗ, ಯಾರೂ ಇಲ್ಲದ್ದು ನೋಡಿಕೊಂಡು ನಡುಮನೆಯಲ್ಲಿ ನಿಂತು "ಏನಮ್ಮಾ, ಊಟ ಆಯ್ತಾ?" ಎನ್ನುತ್ತಿದ್ದಳು. ಖಾಲಿ ಗೋಡೆಗಳು ಅದೇ ಮಾತನ್ನು ವಾಪಸ್ಸು ಕೇಳುತ್ತಿದ್ದವು. "ಆಯ್ತಮ್ಮಾ" ಎಂದು ಉತ್ತರ ಕೊಟ್ಟು ಕಿಟಕಿ ಮುಚ್ಚಿ ಬರುತ್ತಿದ್ದಳು. ಹುಚ್ಚೇನಲ್ಲ, ಒಂಟಿತನ.

ಹಾಗೆಂದು ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದಲ್ಲ. ಒಬ್ಬಳು ತಂಗಿ ಇದ್ದಳು, ಮುದ್ದಿ. ನಲವತ್ತು ದಾಟಿದ ಹೆಂಗಸನ್ನು ಮುದ್ದಿ ಅನ್ನುವುದೇ ಎಂದು ನಗಬೇಡಿ. ಅಕ್ಕನ ಕಣ್ಣಿಗೆ ಅವಳು ಬೆಳೆದೇ ಇರಲಿಲ್ಲ. ತಾಯಿ ತೀರಿಕೊಂಡಾಗ ಮುದ್ದಿಗೆ ಸ್ಲೇಟು ಹಿಡಿಯುವ ವಯಸ್ಸು. ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಓದಿಸಿದ್ದು, ಗಂಡು ನೋಡಿ ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಈ ಗಡಿಬಿಡಿಯಲ್ಲಿ ತನ್ನ ಮದುವೆಯ ವಯಸ್ಸು ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುದ್ದಿಯ ಮದುವೆಯಾದ ಮೇಲೂ ಅವರ ಪಕ್ಕದ ಮನೆಯನ್ನೇ ಹಿಡಿದು ಕೂತಳು. ಬೆಳಗಾದರೆ ಮುದ್ದಿಯ ಅಡುಗೆಮನೆಯಲ್ಲಿ ಹಾಜರು. ಒಲೆಯ ಮೇಲಿದ್ದುದರ ರುಚಿ ನೋಡುವುದು, ಉಪ್ಪು ಹಾಕುವುದು, ಮಡಚಿಟ್ಟ ಬಟ್ಟೆಯನ್ನು ಮತ್ತೆ ಮಡಚುವುದು, ಗಂಡಹೆಂಡಿರು ಪಿಸುಗುಟ್ಟಿದರೆ "ಏನದು?" ಎಂದು ಮೂಗು ತೂರಿಸುವುದು. ಗಂಡ ಪಾಪದವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಒಂದು ದಿನವೂ ತುಟಿ ಬಿಚ್ಚಲಿಲ್ಲ. ತುಟಿ ಬಿಚ್ಚಿದ್ದು ಮುದ್ದಿಯೇ. ಒಂದು ದಿನ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿ ಅತ್ತುಬಿಟ್ಟಳು.

"ಅಕ್ಕಾ, ನಿನ್ನ ಕಣ್ಣು ತಪ್ಪಿಸಿ ಒಂದು ಲೋಟ ನೀರು ಕುಡಿಯಕ್ಕೂ ಆಗಲ್ಲ ನಂಗೆ. ಉಸಿರು ಕಟ್ಟುತ್ತೆ. ದಯವಿಟ್ಟು ಸ್ವಲ್ಪ ದೂರ ಇರು."

ಸ್ವಲ್ಪ ದೂರ ಅಂದರೆ ಎಷ್ಟು ಎಂದಾದರೂ ಅಕ್ಕ ಕೇಳಬಹುದಿತ್ತು. ಕೇಳಲಿಲ್ಲ. ಆ ವಾರವೇ ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದವಳು ಈ ಊರಿಗೆ ಬಂದು ಇಳಿದಳು. ಅಂಥ ರೋಷ. ವರ್ಷಗಳು ಉರುಳಿದವು. ಫೋನು ಬರುತ್ತಿತ್ತು; 'ಹೇಗಿದ್ದೀಯ', 'ಚೆನ್ನಾಗಿದ್ದೀನಿ', 'ಇಡ್ಲಾ?'. ಮುದ್ದಿಗೆ ಮಕ್ಕಳಾಗಲಿಲ್ಲ. ಆ ದುಃಖವನ್ನೂ ಅಕ್ಕನ ಹತ್ತಿರ ಹೇಳಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಬಂದ ಫೋನು ಬೇರೆ ಥರ ಇತ್ತು.

"ಅಕ್ಕಾ, ಇವರಿಗೆ ನಿಮ್ಮೂರ ಡಿಪೋಗೇ ಟ್ರಾನ್ಸ್‌ಫರ್ ಆಗಿದೆ. ಒಂದು ಮನೆ ನೋಡ್ತೀಯಾ?"

ಅಕ್ಕ ತಟ್ಟನೆ ಎದ್ದು ನಿಂತಳು. "ನೋಡ್ತೀನಿ ಅಂತ ಕೇಳ್ಬೇಕಾ? ಬಾ, ಬಂದುಬಿಡು!"

ಮುದ್ದಿ ದನಿ ತಗ್ಗಿಸಿದಳು. "ಒಂದು ಮಾತು ಅಕ್ಕಾ. ತಪ್ಪು ತಿಳ್ಕೋಬೇಡ. ನಿನ್ನ ಮನೆಗೆ ತೀರಾ ಹತ್ತಿರ ಬೇಡ. ಹತ್ತಿರ ಅಂತಾದ್ರೆ ನಾವೇ ಬೇರೆ ಕಡೆ ನೋಡ್ಕೋತೀವಿ."

"ಅಯ್ಯೋ, ನಂಗೇನು ಬೇರೆ ಕೆಲಸ ಇಲ್ವಾ? ದೂರಾನೇ ನೋಡ್ತೀನಿ ಬಿಡು" ಎಂದು ಅಕ್ಕ ನಕ್ಕಳು. ಫೋನಿಟ್ಟ ಮೇಲೆ ಮಂಚದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನೋಡಿ ಅವಳ ತಲೆ ಹೇಗೆ ಓಡಿತು. ಅವಳ ರೂಮಿನ ಹಿಂದೆ ಒಂದು ಪುಟ್ಟ ಹಿತ್ತಿಲು, ಅದರಲ್ಲಿ ವಠಾರದವರಿಗೆಲ್ಲ ಸೇರಿದ ಒಂದು ನಲ್ಲಿ. ಹಿತ್ತಿಲಾಚೆ ಆಳೆತ್ತರದ ಗೋಡೆ, ಗೋಡೆಯಾಚೆ ಬೆಕ್ಕು ಮೈ ಸಣ್ಣ ಮಾಡಿಕೊಂಡು ನುಸುಳುವಂಥ ಓಣಿ, ಓಣಿಯಾಚೆ ಇನ್ನೊಂದು ಮನೆಯ ಬೆನ್ನು. ಆ ಮನೆ ಖಾಲಿ ಬಿದ್ದಿತ್ತು, ಬೀಗದ ಕೈ ಅಕ್ಕನ ಮೊಳೆಯಲ್ಲೇ ನೇತಾಡುತ್ತಿತ್ತು. ಸ್ಟೂಲು ಹಾಕಿಕೊಂಡು ಗೋಡೆ ದಾಟಿದರೆ ಆ ಮನೆಯ ಹಿಂಬಾಗಿಲು. ಆದರೆ ರಸ್ತೆಯಲ್ಲಿ ಹೋಗುವುದಾದರೆ? ಒಂದು ಗೋಡೌನಿನ ಉದ್ದನೆಯ ಕಾಂಪೌಂಡು ಎರಡು ಬೀದಿಗಳನ್ನೂ ಬೇರೆ ಮಾಡಿತ್ತು. ಇವಳ ಬೀದಿಯ ಬಾಯಿ ಮಾರ್ಕೆಟ್ಟಿಗೆ, ಆ ಬೀದಿಯ ಬಾಯಿ ರೈಲ್ವೆ ಗೇಟಿಗೆ. ಮಾರ್ಕೆಟ್ಟು ದಾಟಿ, ಮೇಲ್ಸೇತುವೆ ಹತ್ತಿ ಹಳಿಯಾಚೆ ಇಳಿದು, ಹಳಿ ಪಕ್ಕದ ರಸ್ತೆ ಹಿಡಿದು, ಗೇಟಿನಲ್ಲಿ ಮತ್ತೆ ಈಚೆಗೆ ಬರಬೇಕು. ಕಾಲು ಬಿದ್ದುಹೋಗುವಷ್ಟು ದಾರಿ.

ರಸ್ತೆ ಲೆಕ್ಕದಲ್ಲಿ ದೂರವೇ ತಾನೇ? ಸುಳ್ಳೇನು ಹೇಳಿದ ಹಾಗಾಯಿತು? ಜನ್ಮದಲ್ಲಿ ಒಮ್ಮೆಯೂ ರಸ್ತೆ ಲೆಕ್ಕ ಹಿಡಿಯದವಳು ಅವತ್ತು ಹಿಡಿದಳು. ಮನೆ ಕೇಳಿಕೊಂಡು ಬಂದವರಿಗೆಲ್ಲ "ಅದು ಸೋರುತ್ತೆ, ಬೇಡ ನಿಮಗೆ" ಎಂದು ಹೇಳಿ ಕಳಿಸಿದಳು. ಸೋರುವ ಮನೆಯನ್ನು ಹೊಗಳಿದ್ದುಂಟು, ಗಟ್ಟಿ ಮನೆಯನ್ನು ತೆಗಳಿದ್ದು ಅದೇ ಮೊದಲು.

ಮುದ್ದಿ, ಮೆಕ್ಯಾನಿಕ್ ಇಬ್ಬರೂ ಬಸ್ಸಿಳಿದರು. ಮುದ್ದಿಯ ಕಿವಿಯ ಪಕ್ಕ ಬಿಳಿ ಕೂದಲು ಅಕ್ಕನ ಕಣ್ಣಿಗೆ ಬಿತ್ತು. ತಬ್ಬಿಕೊಳ್ಳಲು ಚಾಚಿದ ಕೈಯಲ್ಲಿ ಅವಳ ಬ್ಯಾಗು ಹಿಡಿದುಕೊಂಡಳು. "ನನ್ನ ರೂಮು ಇಲ್ಲೇ, ಮಾರ್ಕೆಟ್ ಹಿಂದೆ" ಎಂದು ಕೈ ತೋರಿಸಿ, ನಿಲ್ಲದೆ ಮುಂದೆ ನಡೆದಳು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಮೇಲ್ಸೇತುವೆಯ ಮೆಟ್ಟಿಲನ್ನು ಬೇಕೆಂದೇ ಮೆಲ್ಲಗೆ ಹತ್ತಿಸಿದಳು. ಗೇಟು ಹಾಕಿತ್ತು; ಒಂದು ಗೂಡ್ಸ್ ಗಾಡಿ ಹೋಗುವವರೆಗೂ ಮೂವರೂ ಬಿಸಿಲಲ್ಲಿ ನಿಂತರು.

"ಅಬ್ಬಾ! ನಿನ್ನ ರೂಮಿಂದ ಇಷ್ಟು ದೂರಾನಾ ಅಕ್ಕಾ?" ಎಂದಳು ಮುದ್ದಿ.

"ಮತ್ತೆ? ಹೇಳಲಿಲ್ವಾ ನಿಂಗೆ?"

ಮುದ್ದಿಯ ಮುಖ ಹಗುರಾಯಿತು. ಆ ಹಗುರಾದದ್ದನ್ನು ಅಕ್ಕ ನೋಡಿದಳು, ನೋಡಿ ನೊಂದಳು. ಅಕ್ಕ ದೂರವಿದ್ದಾಳೆ ಅಂದುಕೊಂಡ ಮೇಲೆ ತಂಗಿಯ ಮುಖ ಮೊದಲ ಬಾರಿ ಅರಳಿತಲ್ಲ ಎಂದು. ಮನೆಯೊಳಗೆ ಎಲ್ಲ ತೋರಿಸಿದಳು, ಹಿಂಬಾಗಿಲು ಮಾತ್ರ ತೆಗೆಯಲಿಲ್ಲ. "ಹಿಂದೆ ಏನಿಲ್ಲ, ಬರೀ ಗೋಡೆ."

ಮನೆ ಒಪ್ಪಿಗೆಯಾಯಿತು. ಸಾಮಾನು ಬಂತು. ಅಲ್ಲಿಂದ ಅಕ್ಕನ ಅಜ್ಞಾತವಾಸ ಶುರು. ಮಾತಿನಿಂದಲೇ ಅನ್ನ ತಿನ್ನುವವಳು ತನ್ನ ಮನೆಯಲ್ಲಿ ತಾನೇ ಪಿಸುಮಾತಾಡಬೇಕಾಯಿತು. ಗಿರಾಕಿಯ ಫೋನು ಬಂದರೆ ಬೀದಿಗೆ ಓಡುವುದು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತುವುದು. ರೇಡಿಯೋ ದರ್ಜಿಯ ಅಂಗಡಿಗೆ ಹೋಯಿತು. "ಏನಕ್ಕಾ, ಸನ್ಯಾಸ ತಗೊಂಡ್ರಾ?" ಎಂದ ಅವನು. ಪಾತ್ರೆ ತೊಳೆಯುವುದೊಂದನ್ನು ಬಿಡಲಾಗಲಿಲ್ಲ. ಅದಕ್ಕೆ ಅವಳಿಗೆ ಭಯವೂ ಇರಲಿಲ್ಲ. ವಠಾರದ ನಲ್ಲಿ, ಯಾರು ಬೇಕಾದರೂ ತೊಳೆಯುತ್ತಿರಬಹುದು.

ಬದಲಿಗೆ ಸಿಕ್ಕಿದ್ದು ಸಣ್ಣದೇನಲ್ಲ. ಬೆಳಗ್ಗೆ ಮುದ್ದಿ ಒಲೆ ಹಚ್ಚುವ ಸದ್ದು. ಕುಕ್ಕರಿನ ಕೂಗು. "ಇವತ್ತು ಉಪ್ಪು ಜಾಸ್ತಿ" ಎಂದು ಮೆಕ್ಯಾನಿಕ್ ಅಂದರೆ, "ನಿಮ್ಮ ನಾಲಿಗೇಗೆ ಗ್ರೀಸ್ ಹತ್ತಿದೆ" ಎಂದು ಮುದ್ದಿಯ ಉತ್ತರ. ಅದನ್ನು ಕೇಳಿ ಅಕ್ಕ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು. ಅವರು ಊಟಕ್ಕೆ ತಟ್ಟೆ ಇಟ್ಟ ಸದ್ದಾದರೆ ತಾನೂ ತಟ್ಟೆ ಹಾಕಿಕೊಂಡು, ಹಿತ್ತಿಲ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಅವರು ಎದ್ದ ಮೇಲೆ ಏಳುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅನ್ನ ಮೈಗೆ ಹತ್ತಿತು.

ಭಾನುವಾರ ತಂಗಿಯ ಮನೆಗೆ ಹೋಗುವ ದಿನ. ಒಳ್ಳೆಯ ಸೀರೆ ಉಟ್ಟು, ಮಾರ್ಕೆಟ್ಟು ದಾಟಿ, ಸೇತುವೆ ಹತ್ತಿಳಿದು, ಗೇಟು ದಾಟಿ, ಬೆವರೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಲ್ಲುವಳು. "ಬಾ ಅಕ್ಕಾ, ಪಾಪ ಅಷ್ಟು ದೂರದಿಂದ ಬಂದಿದ್ದೀಯ" ಎಂದು ಮುದ್ದಿ ಚಾಪೆ ಹಾಸುವಳು, ಫ್ಯಾನು ಹಾಕುವಳು, ಟೀ ಕೊಡುವಳು. ಆಹಾ, ಏನು ಉಪಚಾರ! ಪಕ್ಕದ ಮನೆಯಲ್ಲಿದ್ದಾಗ ಒಂದು ದಿನ ಕೂರು ಅನ್ನದವಳು ಈಗ ಏಳಲು ಬಿಡುತ್ತಿರಲಿಲ್ಲ. ಅಕ್ಕನೂ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸುತ್ತಿ ಬಂದರೆ ನೆಂಟಳು, ಗೋಡೆ ದಾಟಿ ಬಂದರೆ ಪೀಡೆ ಎಂಬುದು ಅವಳಿಗೆ ಮನದಟ್ಟಾಗಿಬಿಟ್ಟಿತು. ಈ ಗುಟ್ಟೊಂದು ರಟ್ಟಾದರೆ ಮುದ್ದಿ ಮನೆ ಖಾಲಿ ಮಾಡುತ್ತಾಳೆ, ಮತ್ತೆಂದೂ ಸಿಗುವುದಿಲ್ಲ.

ಇತ್ತೀಚೆಗೆ ಮುದ್ದಿಗೆ ಒಂದು ಹೊಸ ಅಭ್ಯಾಸ ಬಂದಿತ್ತು. ಗಂಡ ಡ್ಯೂಟಿಗೆ ಹೋದ ಮೇಲೆ ಅಡುಗೆಮನೆಯ ಕಿಟಕಿ ತೆರೆದಿಟ್ಟು ಒಬ್ಬಳೇ ಜೋರಾಗಿ ಮಾತಾಡಿಕೊಳ್ಳುವಳು. "ಕುಕ್ಕರ್ ಗ್ಯಾಸ್ಕೆಟ್ ಹೋಯ್ತಲ್ಲಪ್ಪಾ, ಎಲ್ಲಿ ಸಿಗುತ್ತೋ ಈ ಊರಲ್ಲಿ." ಅಕ್ಕ ಎರಡು ದಿನ ತಡೆದಳು. ಭಾನುವಾರ ಚೀಲದಿಂದ ಗ್ಯಾಸ್ಕೆಟ್ ತೆಗೆದು ಚಾಪೆಯ ಮೇಲಿಟ್ಟಳು.

"ನಿಂಗೆ ಹೇಗೆ ಗೊತ್ತಾಯ್ತೇ?"

"ಗ್ಯಾಸ್ಕೆಟ್ ತಾನೇ? ಎಲ್ಲರ ಮನೇಲೂ ಹೋಗೇ ಹೋಗುತ್ತೆ" ಎಂದು ಅಕ್ಕ ಫ್ಯಾನು ನೋಡಿದಳು. ಮುದ್ದಿ ತಿರುಗಿಕೊಂಡು ನಕ್ಕಳು. ಅದು ಯಾಕೆ ಎಂದು ಅಕ್ಕ ಯೋಚಿಸಲಿಲ್ಲ. ಗುಟ್ಟು ಕಾಯುವುದರಲ್ಲೇ ಅವಳ ಬುದ್ಧಿಯೆಲ್ಲ ಖರ್ಚಾಗಿತ್ತು.

ಆ ದಿನ ವಾರದ ನಡುವಿನ ಒಂದು ಬೆಳಗ್ಗೆ. ಮೆಕ್ಯಾನಿಕ್ ಡಿಪೋಗೆ ಹೋಗಿಯಾಗಿತ್ತು, ವಠಾರದ ಉಳಿದವರೂ ಕೆಲಸಕ್ಕೆ ಹೋಗಿದ್ದರು. ಅಕ್ಕ ಹಿತ್ತಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಓಣಿಯಾಚೆ ಮುದ್ದಿಯ ಬಚ್ಚಲುಮನೆಯಲ್ಲಿ ಬಕೆಟ್ಟು ಉರುಳಿದ ಸದ್ದು, ಅದರ ಹಿಂದೆಯೇ ಧೊಪ್ಪೆಂದು ಏನೋ ಬಿದ್ದ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗವಾಕ್ಷಿಯಿಂದ ಕೂಗು ಬಂತು.

"ಅಕ್ಕಾ! ಅಕ್ಕಾ!"

ಅಕ್ಕ ತಟ್ಟನೆ ನಲ್ಲಿ ನಿಲ್ಲಿಸಿದಳು. ಎದ್ದು ಸ್ಟೂಲಿಗೆ ಕೈ ಹಾಕಿದಳು. 'ಓ' ಎನ್ನಲು ಬಾಯಿ ತೆರೆದಳು.

ತೆರೆದ ಬಾಯಿ ಹಾಗೇ ಉಳಿಯಿತು. ಗೋಡೆ ಹತ್ತಿ ಇಳಿದರೆ ಎಲ್ಲ ಮುಗಿಯಿತು. ಇಷ್ಟು ದಿನ ಕಿವಿಯ ಹತ್ತಿರವೇ ಕೂತಿದ್ದೆಯಾ ಎಂದು ಮುದ್ದಿ ಕೇಳುತ್ತಾಳೆ. ಮುಂದಿನ ತಿಂಗಳು ಆ ಮನೆಗೆ ಬೀಗ. ಮನುಷ್ಯರು ನೋವು ಬಂದರೆ ಅಮ್ಮಾ ಅಪ್ಪಾ ಅನ್ನುತ್ತಾರೆ, ಇವಳಿಗೆ ಅಕ್ಕನೇ ಅಮ್ಮ, ಅದಕ್ಕೆ ಬಾಯಿಗೆ ಬಂದಿದೆ, ತನ್ನನ್ನೇ ಕರೆಯುತ್ತಿಲ್ಲ ಎಂದು ಅವಳ ಮನಸ್ಸು ಹೇಳಿತು. ಓಡಿದರೆ ಬೇಗ ಹೋಗಬಹುದು, ಅಕಸ್ಮಾತ್ ಬಂದವಳ ಹಾಗೆ ಬಾಗಿಲು ಬಡಿಯಬಹುದು ಎಂದೂ ಹೇಳಿತು. ಸ್ಟೂಲು ಬಿಟ್ಟು, ಕೈಯ ಸೋಪಿನ ನೊರೆಯನ್ನೂ ತೊಳೆಯದೆ, ಮುಂಬಾಗಿಲಿನಿಂದ ಹೊರಬಿದ್ದು ಓಡಿದಳು.

ಅಯ್ಯೋ, ಎಂಥ ಓಟ ಅದು! ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಬುಟ್ಟಿಗಳನ್ನು ಎಡವುತ್ತ, "ಅಕ್ಕಾ, ಎಲ್ಲಿಗೆ?" ಎಂದ ದರ್ಜಿಗೂ ಉತ್ತರ ಕೊಡದೆ, ಉಸಿರು ಕಿತ್ತುಕೊಂಡು ಬರುತ್ತಿದ್ದರೂ ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದಳು. ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಗೇಟಿಗೆ ಅಡ್ಡ ಬಂದು ನಿಂತೇಬಿಟ್ಟಿತ್ತು. ಡಬ್ಬಿಗಳ ಸಂದಿಯಲ್ಲಿ ಆಚೆ ಮುದ್ದಿಯ ಬೀದಿ ಕಾಣುತ್ತಿತ್ತು. "ಹೋಗೋ, ಹೋಗೋ ದರಿದ್ರದ್ದೇ" ಎಂದು ಗಾಡಿಗೆ ಬೈದಳು. ಸುತ್ತಲಿನವರು ನಕ್ಕರು. ಅಲ್ಲಿ ನಿಂತಾಗಲೇ ಅವಳಿಗೆ ತಾನು ಮಾಡಿದ್ದು ಏನೆಂದು ಅರ್ಥವಾದದ್ದು. ಹಿಂದಕ್ಕೆ ಓಡಿದರೂ ಅಷ್ಟೇ ದೂರ, ಮುಂದಕ್ಕೆ ಹೋಗಲು ದಾರಿಯಿಲ್ಲ. ಮಕ್ಕಳ ಹಾಗೆ ಅತ್ತಳು.

ಮನೆ ಮುಟ್ಟಿದಾಗ ಬಾಗಿಲಿಗೆ ಬೀಗ. ಎದುರಿನ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಬಂದ.

"ನಿಮ್ಮ ತಂಗೀನ ಆಸ್ಪತ್ರೆಗೆ ಕಳಿಸಿದ್ವಿ. ಬಚ್ಚಲಲ್ಲಿ ಬಿದ್ದು ಕಾಲು ಮುರ್ಕೊಂಡಿದ್ದಾರೆ. ಎಷ್ಟು ಹೊತ್ತಿಂದ ಕೂಗ್ತಿದ್ರೋ, ಈ ಕಡೆ ಯಾರಿಗೂ ಕೇಳ್ಸಿಲ್ಲ. ನಾನು ಬಟ್ಟೆ ಕೊಡೋಕೆ ಹೋದಾಗ ಗೊತ್ತಾಯ್ತು, ಬಚ್ಚಲ ಬಾಗ್ಲು ಮುರಿದ್ವಿ. ಬರೀ ಅಕ್ಕಾ ಅಕ್ಕಾ ಅಂತಿದ್ರು ಪಾಪ. ಅಷ್ಟು ದೂರ ಇರೋರಿಗೆ ಹೇಗೆ ಕೇಳ್ಸಬೇಕು, ಹೇಳಿ?"

ಆಸ್ಪತ್ರೆಯಲ್ಲಿ ಮುದ್ದಿ ಕಣ್ಣು ಮುಚ್ಚಿ ಮಲಗಿದ್ದಳು. ಕಾಲಿಗೆ ಹಲಗೆ ಕಟ್ಟಿದ್ದರು, ತುಟಿ ಬಿಳಿಚಿತ್ತು. ಗಂಡನಿಗೆ ಸುದ್ದಿ ಹೋಗಿತ್ತು, ಇನ್ನೂ ಬಂದಿರಲಿಲ್ಲ. ಅಕ್ಕ ಮಂಚದ ಪಕ್ಕ ನಿಂತು, ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತನ್ನೇ ಬಿಚ್ಚಿದಳು.

"ಈ ಕಡೆ ಒಬ್ಬರಿಗೆ ಮನೆ ತೋರಿಸಕ್ಕೆ ಬಂದಿದ್ದೆ ಮುದ್ದಿ. ಹಾಗೇ ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದ್ರೆ..."

ಮುದ್ದಿ ಕಣ್ಣು ಬಿಟ್ಟು ಅಕ್ಕನ ಕೈ ನೋಡಿದಳು. ಮೊಣಕೈವರೆಗೂ ಸೋಪಿನ ನೊರೆ ಒಣಗಿ ಬಿಳಿ ಗೆರೆಗಳಾಗಿದ್ದವು.

"ಪಾತ್ರೆ ತೊಳೀತಿದ್ದೆ ಅಲ್ವಾ?"

ಅಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಂಗೆ ಮೊದಲ ವಾರಾನೇ ಗೊತ್ತಾಯ್ತು ಅಕ್ಕಾ. ತಳ ತಿಕ್ಕಿ ಆದ್ಮೇಲೆ ಎರಡು ಸಲ ಕಲ್ಲಿಗೆ ಕುಟ್ತೀಯ. ಆ ಸದ್ದು ಕೇಳ್ಕೊಂಡೇ ನಾನು ಬೆಳೆದಿದ್ದು. ಗೊತ್ತಾಗಲ್ವಾ?"

"ಮತ್ತೆ... ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮಾರನೇ ದಿನದಿಂದ ಒಳಗೆ ಬಂದುಬಿಡ್ತಿದ್ದೆ. ಹೇಳ್ದೇ ಇದ್ರೆ ಅಲ್ಲೇ ಇರ್ತಿದ್ದೆ. ನೀನು ಅಲ್ಲಿರೋದೇ ನಂಗೆ ಬೇಕಾಗಿತ್ತು. ಇವರು ಡ್ಯೂಟಿಗೆ ಹೋದ್ರೆ ಹೆದರಿಕೆ ಆಗ್ತಿರಲಿಲ್ಲ. ಏನಾದ್ರೂ ಆದ್ರೆ ಕೂಗಿದ್ರಾಯ್ತು, ಅಕ್ಕ ಇದ್ದಾಳೆ ಅಂತ. ಗ್ಯಾಸ್ಕೆಟ್ ತಂದುಕೊಟ್ಟೆ ನೋಡು, ಅವತ್ತು ಎಷ್ಟು ಖುಷಿ ಆಯ್ತು ಅಂದ್ರೆ, ಇವರಿಗೂ ಹೇಳ್ಕೊಂಡು ನಕ್ಕಿದ್ದೆ."

ಮುದ್ದಿ ಸೂರು ನೋಡುತ್ತ ಮತ್ತೆ ಹೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಇವತ್ತು ಕೂಗಿದೆ. ನಲ್ಲಿ ನಿಂತಿತು. ಸದ್ಯ, ಕೇಳ್ಸಿತು, ಬಂದ್ಲು ಅಂದ್ಕೊಂಡೆ. ನೋವು ತಡ್ಕೊಂಡು ಸುಮ್ಮನಾದೆ. ಗೋಡೆ ಹತ್ತಿರ ಹೆಜ್ಜೆ ಸದ್ದಿಗೆ ಕಾಯ್ತಾ ಇದ್ದೆ ಅಕ್ಕಾ. ಆಮೇಲೆ ನಿನ್ನ ಮುಂಬಾಗಿಲು ಹಾಕಿದ ಸದ್ದು ಕೇಳ್ಸಿತು."

"ಭಯ ಆಯ್ತು ಮುದ್ದಿ."

"ಏನು ಭಯ?"

"ನೀನು ಮನೆ ಖಾಲಿ ಮಾಡ್ತೀಯ ಅಂತ."

ಮುದ್ದಿ ಅಕ್ಕನ ಮುಖವನ್ನು ಅಪರಿಚಿತರ ಮುಖ ನೋಡುವ ಹಾಗೆ ನೋಡಿ, ಗೋಡೆಯ ಕಡೆ ಹೊರಳಲು ಹೋಗಿ, ಕಾಲು ನೊಂದು ಹಾಗೇ ಮಲಗಿದಳು. ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಅವನಿಗೆ ಜಾಗ ಬಿಟ್ಟು ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು.

ಪ್ಲಾಸ್ಟರ್ ಹಾಕಿಸಿಕೊಂಡು ಮುದ್ದಿ ಮನೆಗೆ ಬಂದಳು. ಮನೆಯನ್ನೇನೂ ಖಾಲಿ ಮಾಡಲಿಲ್ಲ. ಆ ಮುರಿದ ಕಾಲಿನಲ್ಲಿ ಎಲ್ಲಿಗೆ ಹೋಗುತ್ತಾಳೆ? ಅಕ್ಕ ಒಂದು ದಿನ ತಡೆದಳು, ಎರಡು ದಿನ ತಡೆದಳು. ಮೂರನೆಯ ದಿನ ಸಂಜೆ ಹಿತ್ತಿಲಿಗೆ ಬಂದು, ಸ್ಟೂಲಿನ ಮೇಲೆ ಹತ್ತಿ, ಗೋಡೆಯ ಮೇಲೆ ಎರಡೂ ಕೈ ಊರಿ ನಿಂತಳು. ಇನ್ನು ಯಾರಿಗೆ ಹೆದರಬೇಕು?

"ಮುದ್ದೀ!" ಎಂದು ಕೂಗಿದಳು. ದನಿ ಒಡೆದು ಬಂತು. "ಊಟ ಆಯ್ತೇನೇ?"

ಅಡುಗೆಮನೆಯ ಕಿಟಕಿಯಲ್ಲಿ ಮೆಕ್ಯಾನಿಕ್‌ನ ಮುಖ ಕಂಡಿತು. ಕೈಯಲ್ಲಿ ಸೌಟಿತ್ತು. ಅವನು ಒಳಗೊಮ್ಮೆ ತಿರುಗಿ ನೋಡಿದ.

"ಮಲಗಿದ್ದಾಳೆ, ಅತ್ತಿಗೆ" ಎಂದ.

"ಹಾಗಾ? ಮಲಗಲಿ, ಮಲಗಲಿ. ಎಬ್ಬಿಸಬೇಡಿ. ಮಾತ್ರೆ ತಗೊಂಡ್ಲಾ?"

"ಹ್ಞೂಂ."

"ಏನಾದ್ರೂ ಬೇಕಾದ್ರೆ ಕೂಗಿ, ಇಲ್ಲೇ ಇರ್ತೀನಿ."

"ಸರಿ ಅತ್ತಿಗೆ" ಎಂದು ಅವನು ಕಿಟಕಿಯಿಂದ ಸರಿದ.

ಅಕ್ಕ ಸ್ಟೂಲಿನಿಂದ ಇಳಿದಳು. ಇಳಿದವಳು ಗೋಡೆಗೆ ಒರಗಿ ಅಲ್ಲೇ ನಿಂತಳು. ಆಚೆ ಒಲೆಯ ಸದ್ದು ಕೇಳುತ್ತಿತ್ತು, ತಟ್ಟೆ ಇಟ್ಟ ಸದ್ದು ಕೇಳುತ್ತಿತ್ತು. ಅದರ ನಡುವೆ ಮುದ್ದಿಯ ದನಿಯೂ ಕೇಳಿಸಿತು. ನಿದ್ದೆಯ ದನಿಯಲ್ಲ.

"ಹೋದ್ಲಾ?"

"ಹೋದ್ರು" ಎಂದ ಅವನು.